ಹಾಯಿದೋಣಿಗೆ ಎಲೆಕ್ಟ್ರಿಕ್ ಟಾಯ್ಲೆಟ್: ಪೈಪ್ ಎಲ್ಲಿ ಏರಬೇಕು, ವೈರ್ ಎಷ್ಟು ದಪ್ಪ ಇರಬೇಕು?

[ದೃಶ್ಯ: ದೋಣಿಯ ಇಕ್ಕಟ್ಟಾದ ಟಾಯ್ಲೆಟ್, ಹಳೆಯ ಕೈಪಂಪಿನ ಕಮೋಡ್]

ನಮಸ್ಕಾರ. ಈ ಹ್ಯಾಂಡಲ್ ಎಳೆದು ಎಳೆದು ಸಾಕಾದವರಿಗೆ ಇವತ್ತಿನ ವಿಡಿಯೋ. ಇದನ್ನು ತೆಗೆದು, ಬಟನ್ ಒತ್ತಿದರೆ ಫ್ಲಶ್ ಆಗುವ ಟಾಯ್ಲೆಟ್ ಕೂರಿಸೋಣ. ಕಮೋಡ್ ಕೂರಿಸುವುದು ದೊಡ್ಡ ಕೆಲಸ ಅಲ್ಲ, ಕೆಲವು ಬೋಲ್ಟ್ ಬಿಗಿದರೆ ಆಯಿತು. ತಲೆ ಓಡಿಸಬೇಕಾದ್ದು ಪೈಪಿಗೆ ಮತ್ತು ವೈರಿಗೆ.

[ದೃಶ್ಯ: ದೋಣಿಯ ಅಡ್ಡಸೀಳು ಚಿತ್ರ, ನೀಲಿ ಗೆರೆಯಲ್ಲಿ ನೀರಿನ ಮಟ್ಟ]

ನೋಡಿ, ಎಷ್ಟೋ ಹಾಯಿದೋಣಿಗಳಲ್ಲಿ ಕಮೋಡಿನ ಅಂಚು ಹೊರಗಿನ ನೀರಿಗಿಂತ ಕೆಳಗೇ ಇರುತ್ತದೆ. ನೆಟ್ಟಗೆ ನಿಂತಾಗ ಮೇಲಿದ್ದರೂ, ಗಾಳಿಗೆ ದೋಣಿ ವಾಲಿದಾಗ ಕೆಳಗೆ ಹೋಗಬಹುದು. ಆಗ ಪಂಪ್ ನಿಂತರೂ ನೀರು ನಿಲ್ಲುವುದಿಲ್ಲ. ಸೈಫನ್ ಆಗಿ, ಅಂದರೆ ಪಂಪ್ ಇಲ್ಲದೆಯೇ ಪೈಪಿನಲ್ಲಿ ನೀರು ತಾನಾಗಿ ಹರಿದು ಬಂದು, ಬೌಲ್ ತುಂಬುತ್ತದೆ, ಚೆಲ್ಲುತ್ತದೆ. ಯಾರೂ ನೋಡದಿದ್ದರೆ ಇಡೀ ದೋಣಿಯೇ ತುಂಬುತ್ತದೆ.

ಇದಕ್ಕೆ ಮದ್ದು ಪೈಪನ್ನು ಮೇಲಕ್ಕೆ ಒಯ್ದು ಬಗ್ಗಿಸಿ ಕೆಳಗಿಳಿಸುವುದು. ಆ ಬಾಗಿನ ನೆತ್ತಿಯಲ್ಲಿ ಗಾಳಿ ಎಳೆದುಕೊಳ್ಳುವ ಚಿಕ್ಕ ವಾಲ್ವ್ ಇರಬೇಕು. ಅದಿಲ್ಲದಿದ್ದರೆ ಪೈಪ್ ಎಷ್ಟು ಎತ್ತರ ಹೋದರೂ ಸೈಫನ್ ಮುರಿಯುವುದಿಲ್ಲ. ದೋಣಿ ಪೂರ್ತಿ ವಾಲಿದಾಗಲೂ ನೆತ್ತಿ ನೀರಿನ ಮಟ್ಟಕ್ಕಿಂತ ಕನಿಷ್ಠ 15–20 ಸೆಂಟಿಮೀಟರ್ ಮೇಲಿರಲಿ.

[ದೃಶ್ಯ: ಪಂಪಿನಿಂದ ಬೌಲಿಗೆ ಹೋಗುವ ಪೈಪ್, ಹತ್ತಿರದಿಂದ]

ನೀರು ಒಳಗೆ ಬರುವ ಕಡೆ ಈ ಬಾಗು ಪಂಪಿಗೂ ಬೌಲಿಗೂ ನಡುವೆ ಬರಬೇಕು. ಸೀಕಾಕಿಗೂ (ಹೊರಗಿನ ನೀರು ತೆರೆದು ಮುಚ್ಚಲು ದೋಣಿಯ ಮೈಯಲ್ಲಿರುವ ವಾಲ್ವ್) ಪಂಪಿಗೂ ನಡುವೆ ಹಾಕಿದಿರೋ, ಪಂಪ್ ನೀರಿನ ಬದಲು ಸುಮ್ನೆ ಗಾಳಿ ಎಳೆಯುತ್ತಾ ಕೂರುತ್ತದೆ. ಹೊಸ ಟಾಯ್ಲೆಟ್ ಜೊತೆ ಬರುವ ಗಿಡ್ಡ ಪೈಪ್ ಇದಕ್ಕೆ ಸಾಲುವುದಿಲ್ಲ, ಉದ್ದದ್ದು ತನ್ನಿ. ಸಮುದ್ರಕ್ಕೆ ಹೋಗುವ ಪೈಪಿಗೂ ಇಂಥದ್ದೇ ಇನ್ನೊಂದು ಬಾಗು ಬೇಕು. ದಡದ ಹತ್ತಿರ ನೇರ ಸಮುದ್ರಕ್ಕೆ ಬಿಡುವುದಕ್ಕೆ ಬಹಳ ಕಡೆ ಅನುಮತಿ ಇಲ್ಲ. ಹಾಗಾಗಿ ತುಂಬಿಟ್ಟುಕೊಳ್ಳುವ ಟ್ಯಾಂಕ್ ಈಗಲೇ ಸೇರಿಸಿ.

ಒಳಬರುವ ಪೈಪ್ ಸಾಮಾನ್ಯವಾಗಿ 19 ಮಿಲಿಮೀಟರ್, ಹೊರಹೋಗುವುದು 38. ಹೊರಹೋಗುವುದಕ್ಕೆ ಟಾಯ್ಲೆಟ್‌ಗೆಂದೇ ಮಾಡಿದ ದಪ್ಪ ಹೋಸ್ ಬೇಕು, ಸಾದಾ ಹೋಸಿನ ಗೋಡೆಯಿಂದ ನಿಧಾನಕ್ಕೆ ವಾಸನೆ ಹೊರಬರುತ್ತದೆ. ಹಳೆಯದನ್ನೇ ಉಳಿಸಿಕೊಳ್ಳುವ ಆಸೆಯೇ? ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹೋಸ್ ಮೇಲೆ ಉಜ್ಜಿ, ಆರಿದ ಮೇಲೆ ಬಟ್ಟೆ ಮೂಸಿ. ನಾರಿದರೆ ಎಸೆಯಿರಿ.

ಹೋಸ್ ತುದಿ ಗಟ್ಟಿಯಾಗಿದ್ದು ಒಳಗೆ ಹೋಗದಿದ್ದರೆ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ತಳ್ಳಿ. ನೀರಿನ ಮಟ್ಟಕ್ಕಿಂತ ಕೆಳಗಿರುವ ಪ್ರತಿ ಜೋಡಣೆಗೂ ಎರಡೆರಡು ಸ್ಟೀಲ್ ಕ್ಲಾಂಪ್. ಜಾಸ್ತಿ ಅನಿಸುತ್ತದೆ, ಅಲ್ವಾ? ನೀರಿನಿಂದ ಅರ್ಧ ಮೀಟರ್ ಕೆಳಗೆ 19 ಮಿಲಿಮೀಟರ್ ಪೈಪ್ ಕಳಚಿಕೊಂಡರೆ ನಿಮಿಷಕ್ಕೆ 30 ಲೀಟರ್ ಆಸುಪಾಸು ನೀರು ಒಳಗೆ ನುಗ್ಗುತ್ತದೆ.

[ದೃಶ್ಯ: ತೆಳು ಮತ್ತು ದಪ್ಪ ವೈರ್, ಪಕ್ಕಪಕ್ಕ]

ಇನ್ನು ಕರೆಂಟ್. 12 ವೋಲ್ಟ್ ಟಾಯ್ಲೆಟ್ ಫ್ಲಶ್ ಆಗುವಾಗ 20 ಆಂಪ್ಸ್ ಎಳೆಯುತ್ತದೆ ಎಂದುಕೊಳ್ಳಿ. ಬ್ಯಾಟರಿ 5 ಮೀಟರ್ ದೂರ. ಹೋಗಿ ಬರುವ ಲೆಕ್ಕಕ್ಕೆ 10 ಮೀಟರ್ ವೈರ್. 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದರೆ ದಾರಿಯಲ್ಲೇ ಸುಮಾರು 1.4 ವೋಲ್ಟ್ ಹೋಯಿತು. 10 ಚದರ ಮಿಲಿಮೀಟರ್ ಹಾಕಿದರೆ ಹೋಗುವುದು 0.35 ಅಷ್ಟೇ. ವೋಲ್ಟೇಜ್ ಕಮ್ಮಿಯಾದರೆ ಮೋಟಾರ್ ಮೆಲ್ಲಗೆ ತಿರುಗುತ್ತದೆ, ಒಳಗಿನ ಬ್ಲೇಡ್ ಸರಿಯಾಗಿ ಕತ್ತರಿಸುವುದಿಲ್ಲ, ಪೈಪ್ ಕಟ್ಟುತ್ತದೆ. ಎಷ್ಟೋ ಜನ ಪಂಪ್ ಕೆಟ್ಟಿದೆ ಎಂದು ಹೊಸದು ತರುತ್ತಾರೆ, ತಪ್ಪು ವೈರಿನದ್ದು! ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ, ಗಾತ್ರ ತಯಾರಕರು ಹೇಳಿದಷ್ಟೇ.

[ದೃಶ್ಯ: ಪಂಪಿನ ಟರ್ಮಿನಲ್ ಮೇಲೆ ಮೀಟರ್]

ಎಲ್ಲ ಆದ ಮೇಲೆ ಸೀಕಾಕ್ ತೆರೆದು, ಪಂಪಿನ ಟರ್ಮಿನಲ್ ಮೇಲೆ ವೋಲ್ಟೇಜ್ ಅಳೆಯುವ ಮೀಟರ್ ಇಟ್ಟು ಬಟನ್ ಒತ್ತಿ. ಪಂಪ್ ತಿರುಗುವಾಗ ಬರುವ ಅಂಕಿಯನ್ನೇ ನಂಬಿ, ಸುಮ್ನೆ ನಿಂತಾಗಿನದ್ದು ಎಲ್ಲ ಸರಿ ಇದೆ ಎಂದೇ ತೋರಿಸುತ್ತದೆ. ಆಮೇಲೆ ಪ್ರತಿ ಕ್ಲಾಂಪಿನ ಕೆಳಗೂ ಒಣ ಟಿಶ್ಯೂ ಒತ್ತಿ ನೋಡಿ. ಒಂದು ಚುಕ್ಕೆ ಒದ್ದೆಯಾದರೂ ಸೀಕಾಕ್ ಮುಚ್ಚಿ, ಆ ಜೋಡಣೆ ಬಿಚ್ಚಿ ಮತ್ತೆ ಹಾಕಿ.