ಹಳ್ಳಕ್ಕೆ ಬೇಲಿ, ಗಾಳಿಗೆ ಮರ: ನ್ಯೂಜಿಲೆಂಡಿನ ಪ್ರಾದೇಶಿಕ ಮಂಡಳಿಗಳು ಮಾಡುವ ಕೆಲಸ

ಎಲ್ಲರಿಗೂ ನಮಸ್ಕಾರ.

ನ್ಯೂಜಿಲೆಂಡ್ ಅಂದ ಕೂಡಲೇ ನಮಗೆ ನೆನಪಾಗುವುದು ಹಾಲಿನ ಪುಡಿ, ಬೆಣ್ಣೆ, ಕ್ರಿಕೆಟ್. ನಾನು ಇವತ್ತು ಅಲ್ಲಿನ ಹಳ್ಳಗಳ ಬಗ್ಗೆ ಮಾತಾಡುತ್ತೇನೆ. ಹಳ್ಳದ ದಡಕ್ಕೆ ಬೇಲಿ ಹಾಕಿಸುವುದು, ಹೊಲದ ಅಂಚಿಗೆ ಗಾಳಿ ತಡೆಯುವ ಮರ ನೆಡಿಸುವುದು ಅಲ್ಲಿ ಯಾರ ಜವಾಬ್ದಾರಿ, ಆ ಕೆಲಸ ಹೇಗೆ ನಡೆಯುತ್ತದೆ ಅನ್ನುವ ಬಗ್ಗೆ.

ನಮ್ಮಲ್ಲಿ ಹಸು ಕೊಟ್ಟಿಗೆಯಲ್ಲಿದ್ದರೆ ಮೇವು ಅದರ ಹತ್ತಿರ ಬರುತ್ತದೆ. ಅಲ್ಲಿ ಹೆಚ್ಚಿನ ಕಡೆ ಹಸುಗಳು ವರ್ಷವಿಡೀ ಬಯಲಲ್ಲೇ ಇರುತ್ತವೆ. ನೂರಾರು ಹಸುಗಳ ಮಂದೆ ಒಂದು ಸಣ್ಣ ಹಳ್ಳಕ್ಕೆ ಇಳಿದರೆ ಏನಾಗುತ್ತದೆ ಯೋಚಿಸಿ. ಗೊರಸಿನ ತುಳಿತಕ್ಕೆ ದಡ ಕುಸಿಯುತ್ತದೆ. ಮಣ್ಣು ನೀರಿಗೆ ಹೋಗುತ್ತದೆ, ಅದಕ್ಕೆ ಅಂಟಿಕೊಂಡ ರಂಜಕವೂ ಹೋಗುತ್ತದೆ. ಸಗಣಿ ನೇರ ನೀರಿಗೇ ಬೀಳುತ್ತದೆ, ಜೊತೆಗೆ ರೋಗಾಣು. ಕೆಳಗಿನ ಊರಿನ ಮಕ್ಕಳು ಬೇಸಿಗೆಯಲ್ಲಿ ಈಜುವುದು ಅದೇ ನೀರಿನಲ್ಲಿ.

ಇದನ್ನು ನೋಡಿಕೊಳ್ಳುವುದು ಪ್ರಾದೇಶಿಕ ಮಂಡಳಿ, ಅಂದರೆ ರೀಜನಲ್ ಕೌನ್ಸಿಲ್. ದೇಶದಲ್ಲಿ ಇಂಥವು 11 ಇವೆ. ಉಳಿದ ಕೆಲವು ಭಾಗಗಳಲ್ಲಿ ಊರಿನ ಆಡಳಿತವೇ ಈ ಕೆಲಸವನ್ನೂ ಮಾಡುತ್ತದೆ. 1989ರಲ್ಲಿ ಇವುಗಳನ್ನು ಮಾಡಿದಾಗ ಗಡಿಗಳನ್ನು ಬಹುಮಟ್ಟಿಗೆ ನೀರು ಹರಿಯುವ ದಿಕ್ಕು ನೋಡಿ ಎಳೆದರು. ಒಂದು ಹೊಳೆ, ಅದಕ್ಕೆ ಸೇರುವ ಹಳ್ಳಗಳು, ಅದು ಸಮುದ್ರ ಸೇರುವ ಜಾಗ, ಎಲ್ಲವೂ ಆದಷ್ಟು ಒಂದೇ ಮಂಡಳಿಯ ಕೈಯಲ್ಲಿ. ನನಗೆ ಈ ಒಂದು ನಿರ್ಧಾರದ ಮೇಲೆ ತುಂಬಾ ಗೌರವ. ಮೇಲಿನವರು ಕೆಳಗಿನವರ ಮೇಲೆ, ಕೆಳಗಿನವರು ಮೇಲಿನವರ ಮೇಲೆ ತಪ್ಪು ಹಾಕಿ ಕೈತೊಳೆದುಕೊಳ್ಳುವುದು ಇಲ್ಲಿ ಕಷ್ಟ. ಮಂಡಳಿಯ ಸದಸ್ಯರನ್ನು ಮೂರು ವರ್ಷಕ್ಕೊಮ್ಮೆ ಜನರೇ ಆರಿಸುತ್ತಾರೆ. ಖರ್ಚಿನ ದೊಡ್ಡ ಪಾಲು ಬರುವುದು ಜಮೀನು, ಮನೆಗಳ ಮೇಲಿನ ಕಂದಾಯದಿಂದ.

ಮೊದಲು ಅಲ್ಲಿ ಬೇಲಿ ಅನ್ನುವುದು ಒಪ್ಪಂದದ ಮಾತಾಗಿತ್ತು. 2003ರಲ್ಲಿ ಫೊಂಟೆರಾ ಎಂಬ ದೊಡ್ಡ ಹಾಲಿನ ಸಹಕಾರ ಸಂಸ್ಥೆ, ಸರ್ಕಾರ ಮತ್ತು ಪ್ರಾದೇಶಿಕ ಮಂಡಳಿಗಳು ಸೇರಿ ಒಂದು ಒಡಂಬಡಿಕೆ ಮಾಡಿಕೊಂಡವು. ಯಾವ ಹಳ್ಳಕ್ಕೆ ಬೇಲಿ ಬೇಕು? ವರ್ಷಪೂರ್ತಿ ಹರಿಯುವ, ಗಮ್‌ಬೂಟು ಹಾಕಿದ ಕಾಲಿನ ಹರಡು ಮುಳುಗುವಷ್ಟು ಆಳದ, ಒಂದು ಹೆಜ್ಜೆಗೆ ದಾಟಲಾಗದಷ್ಟು ಅಗಲದ ಹಳ್ಳಕ್ಕೆ. ಯಾವ ರೈತನಿಗೂ ಅರ್ಥವಾಗುವ ಅಳತೆ, ಅಲ್ವಾ? ಆದರೆ ಬೇಲಿ ಹಾಕಿದ್ದೇವೆ ಎಂದು ರೈತರೇ ಕೊಟ್ಟ ಲೆಕ್ಕವನ್ನು ಕೆಲವು ವರ್ಷಗಳ ನಂತರ ಬೇರೆಯವರು ಹೊಲಕ್ಕೇ ಹೋಗಿ ನೋಡಿದಾಗ, ದನ ಪೂರ್ತಿ ಹೊರಗಿದ್ದ ಜಮೀನುಗಳು ಹೇಳಿದ್ದರ ಅರ್ಧದಷ್ಟೇ ಸಿಕ್ಕವು.

ಹಾಗಾಗಿ 2020ರಲ್ಲಿ ಇಡೀ ದೇಶಕ್ಕೆ ನಿಯಮ ಬಂತು. ಒಂದು ಮೀಟರಿಗಿಂತ ಅಗಲವಾದ ಹಳ್ಳಕ್ಕೆ ಹಾಲಿನ ಹಸು ಇಳಿಯಬಾರದು. ಬೇಲಿ ದಡದಿಂದ ಮೂರು ಮೀಟರ್ ದೂರ ಇರಬೇಕು. ಆಗಲೇ ಇದ್ದ ಗಟ್ಟಿ ಬೇಲಿಗಳಿಗೆ ದೂರದ ವಿಷಯದಲ್ಲಿ ವಿನಾಯಿತಿ ಕೊಟ್ಟರು. ಮಾಂಸದ ದನ, ಜಿಂಕೆಗಳಿಗೆ ಜಮೀನಿನ ಇಳಿಜಾರು ನೋಡಿ ಹಾಕಿದ್ದ ನಿಯಮವನ್ನು ಮಾತ್ರ 2024ರಲ್ಲಿ ತೆಗೆದುಬಿಟ್ಟರು. ಅದು ತಪ್ಪು ಹೆಜ್ಜೆ ಎಂದೇ ನನ್ನ ಅಭಿಪ್ರಾಯ.

ಇಷ್ಟು ನಿಯಮದ ಮಾತು. ಆದರೆ ನಿಯಮದಿಂದ ಬೇಲಿ ಬರಬಹುದು, ಒಳ್ಳೆ ಬೇಲಿ ಬರುವುದು ಸಲಹೆಯಿಂದ. ಉತ್ತರ ದ್ವೀಪದ ತಾರಾನಾಕಿಯನ್ನೇ ನೋಡಿ. ಒಂಟಿ ಜ್ವಾಲಾಮುಖಿ ಬೆಟ್ಟ, ಅದರಿಂದ ಸುತ್ತಲೂ ಇಳಿಯುವ ನೂರಾರು ತೊರೆಗಳು, ಬುಡದ ತುಂಬಾ ಹಾಲಿನ ಫಾರಂಗಳು. ಅಲ್ಲಿನ ಮಂಡಳಿ 1990ರ ದಶಕದಿಂದಲೂ ಒಂದೊಂದು ಜಮೀನಿಗೂ ಪ್ರತ್ಯೇಕ ಯೋಜನೆ ಬರೆದುಕೊಡುತ್ತಾ ಬಂದಿದೆ, ಅದೂ ಬಿಟ್ಟಿಯಾಗಿ. ಗಿಡಗಳನ್ನು ಒಟ್ಟಿಗೆ ತರಿಸಿ ಕಡಿಮೆ ಬೆಲೆಗೆ ಕೊಡುತ್ತದೆ. ಹೀಗೆ ನೆಟ್ಟ ಗಿಡಗಳು 50 ಲಕ್ಷ ದಾಟಿವೆ.

ಸಲಹೆಗಾರರು ರೈತನ ಜೊತೆ ಹಳ್ಳದುದ್ದಕ್ಕೂ ನಡೆಯುತ್ತಾರೆ. ಪ್ರತಿ ವರ್ಷ ನೆರೆ ಬರುವ ಕಡೆ ಎಂಟು ತಂತಿಯ ಬೇಲಿ ಬೇಡ, ಕಸ ಸಿಕ್ಕಿಕೊಂಡು ಗೂಟದ ಸಮೇತ ಹೋಗುತ್ತದೆ, ಒಂದೆರಡು ಕರೆಂಟ್ ತಂತಿ ಸಾಕು ಅನ್ನುತ್ತಾರೆ. ನೀರಿನ ಅಂಚಿಗೆ ಕ್ಯಾರೆಕ್ಸ್ ಹುಲ್ಲು, ಅದು ನೆರೆಗೆ ಬಾಗಿ ಮತ್ತೆ ಏಳುತ್ತದೆ. ಅದರ ಮೇಲೆ ಹರಕೆಕೆ, ಅಂದರೆ ಅಲ್ಲಿನ ನಾರಿನ ಗಿಡ. ಎತ್ತರದಲ್ಲಿ ಮಾನುಕಾ ಎಂಬ ಅಲ್ಲಿನದೇ ಪೊದೆಮರ. ಅಲ್ಲಿ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಆದ್ದರಿಂದ ಉತ್ತರ ದಡದ ಮರವೇ ನೀರಿಗೆ ಜಾಸ್ತಿ ನೆರಳು ಕೊಡುತ್ತದೆ. ಹಸುಗಳಿಗೆ ಕುಡಿಯಲು ತೊಟ್ಟಿ ಎಲ್ಲಿ, ಪೈಪು ಎಲ್ಲಿಂದ? ಇದನ್ನು ಮೊದಲೇ ಇತ್ಯರ್ಥ ಮಾಡದಿದ್ದರೆ ಬೇಲಿ ಹಾಕಿದ ರೈತನೇ ಗೇಟು ತೆಗೆದು ಹಸು ಬಿಡುತ್ತಾನೆ. ಮೊದಲ ಮೂರ್ನಾಲ್ಕು ವರ್ಷ ಮುಳ್ಳುಕಂಟಿ, ಕಳೆ ಕೀಳದಿದ್ದರೆ ಗಿಡ ಉಳಿಯುವುದಿಲ್ಲ. ಇದು ಯಾವ ನಿಯಮದ ಪುಸ್ತಕದಲ್ಲೂ ಇರುವ ಮಾತಲ್ಲ.

ಗಾಳಿಯ ವಿಷಯಕ್ಕೆ ಬರೋಣ. ದಕ್ಷಿಣ ದ್ವೀಪದ ಕ್ಯಾಂಟರ್ಬರಿ ಬಯಲಿಗೆ ಪರ್ವತ ದಾಟಿ ವಾಯವ್ಯದಿಂದ ಒಣ, ಬಿಸಿ ಗಾಳಿ ನುಗ್ಗುತ್ತದೆ. ಉತ್ತ ಹೊಲದ ಮೇಲ್ಮಣ್ಣನ್ನೇ ಎತ್ತಿಕೊಂಡು ಹೋಗುತ್ತದೆ. ದಕ್ಷಿಣದಿಂದ ತಣ್ಣನೆ ಮಳೆಗಾಳಿ ಬೀಸಿದರೆ ಆಗ ತಾನೇ ಹುಟ್ಟಿದ ಕುರಿಮರಿಗಳು ಸಾಯುತ್ತವೆ. ಅದಕ್ಕೇ ಅಲ್ಲಿ ಪೈನ್, ಮ್ಯಾಕ್ರೋಕಾರ್ಪಾ ಮರಗಳ ಉದ್ದುದ್ದ ಸಾಲು. ಸಾಲು ಜರಡಿಯ ಹಾಗಿರಬೇಕು. ಅರ್ಧದಷ್ಟು ಗಾಳಿ ಒಳಗೆ ನುಸುಳಬೇಕು. ಪೂರ್ತಿ ತಡೆದರೆ ಗಾಳಿ ಮೇಲೆ ಹತ್ತಿ ಆಚೆ ಸುಳಿಯಾಗಿ ಬೀಳುತ್ತದೆ, ಬೆಳೆಗೆ ಇನ್ನೂ ಕೆಟ್ಟದ್ದು. ಸರಿಯಾಗಿ ನೆಟ್ಟರೆ ಮರದ ಎತ್ತರದ ಹತ್ತು ಪಟ್ಟು ದೂರದವರೆಗೂ ಆಸರೆ ಸಿಗುತ್ತದೆ. ಈಚೆಗೆ ತಿರುಗುವ ನೀರಾವರಿ ಯಂತ್ರಗಳಿಗೆ ದಾರಿ ಮಾಡಲು ಈ ಸಾಲುಗಳನ್ನು ಕಡಿದರು. 2013ರ ಸೆಪ್ಟೆಂಬರಿನ ಬಿರುಗಾಳಿಗೆ ಅಂಥ ನೂರಾರು ಯಂತ್ರಗಳೇ ಮಗುಚಿ ಬಿದ್ದವು. ಈಗ ಯಂತ್ರದಡಿ ನಿಲ್ಲುವ ಕುಳ್ಳ ಗಿಡಗಳ ಸಾಲಿನ ಬಗ್ಗೆ ಸಲಹೆ ಕೊಡುತ್ತಾರೆ.

ಬೇಲಿ ಎಲ್ಲವನ್ನೂ ಸರಿಮಾಡುವುದಿಲ್ಲ. ಗಂಜಲದ ನೈಟ್ರೇಟ್ ನೆಲದೊಳಗೆ ಇಳಿದು, ಬೇಲಿಯ ಅಡಿಯಿಂದಲೇ ಹಾದು ನೀರು ಸೇರುತ್ತದೆ. ಅದಕ್ಕೆ ಹಸುಗಳ ಸಂಖ್ಯೆ, ಗೊಬ್ಬರದ ಬಗ್ಗೆ ಮಾತಾಡಲೇಬೇಕು. ಮಂಡಳಿಯ ಸದಸ್ಯರು ತಮಗೆ ಮತ ಕೊಟ್ಟ ರೈತರಿಗೇ ಬೇಡ ಅನ್ನಬೇಕಾದ ಮಾತು ಅದು. ಕ್ಯಾಂಟರ್ಬರಿಯಲ್ಲಿ 2010ರಲ್ಲಿ ಸರ್ಕಾರ, ಮಂಡಳಿ ನೀರಿನ ವಿಷಯ ಸರಿಯಾಗಿ ನಿಭಾಯಿಸುತ್ತಿಲ್ಲ ಎಂದು ಆರಿಸಿಬಂದ ಸದಸ್ಯರನ್ನು ತೆಗೆದು ಆಯುಕ್ತರನ್ನು ಕೂರಿಸಿತು. ಪೂರ್ತಿ ಚುನಾಯಿತ ಮಂಡಳಿ ಮರಳಿದ್ದು 2019ರಲ್ಲಿ. ಅಷ್ಟು ವರ್ಷ ಜನ ಕಂದಾಯ ಕಟ್ಟಿದರು, ಅದನ್ನು ಖರ್ಚು ಮಾಡುವವರನ್ನೆಲ್ಲ ಆರಿಸುವ ಹಕ್ಕು ಅವರಿಗಿರಲಿಲ್ಲ.

2025ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ಪ್ರಾದೇಶಿಕ ಸದಸ್ಯರ ಸ್ಥಾನಗಳನ್ನೇ ತೆಗೆದು, ಊರುಗಳ ಮೇಯರ್‌ಗಳು ಕೂಡಿ ನಡೆಸುವ ಮಂಡಳಿ ಮಾಡುವ ಪ್ರಸ್ತಾಪ ಮುಂದಿಟ್ಟಿತು. ನನಗೆ ಇರುವ ಚಿಂತೆ ಒಂದೇ. ಮೇಯರ್‌ಗೆ ತನ್ನ ಊರಿನ ರಸ್ತೆ, ಚರಂಡಿ ಮೊದಲು. ಹಳ್ಳದುದ್ದಕ್ಕೂ ರೈತನ ಜೊತೆ ನಡೆಯುವ ಸಲಹೆಗಾರನ ಸಂಬಳ ಬಜೆಟ್ಟಿನಲ್ಲಿ ಉಳಿಯುತ್ತದೆಯೇ? ಅಲ್ಲಿನ ರೈತರು, ಕೆಳಗಿನ ಊರಿನವರು ಈ ಪ್ರಶ್ನೆಯನ್ನು ಹೊಸ ಮಂಡಳಿ ಕೂರುವ ಮೊದಲೇ ಕೇಳಬೇಕು.

ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಿ.