ಒಂದೇ ಸೆಕ್ಷನ್ನಿನಲ್ಲಿ ಮುಗಿಸಲು ಹೊರಟ ಸುಧಾರಣೆ: ಬ್ರಿಟನ್ನಿನ ಕಂಪನಿ ಕಾನೂನು ಮತ್ತು ಯುರೋಪಿನ ಮೊದಲ ಡೈರೆಕ್ಟಿವ್

ಎಲ್ಲರಿಗೂ ನಮಸ್ಕಾರ.

ಕೋಕ್ ಮಾರುತ್ತಿದ್ದ ಒಬ್ಬ ವ್ಯಾಪಾರಿಯಿಂದ ಶುರು ಮಾಡುತ್ತೇನೆ. ಕೋಕ್ ಎಂದರೆ ಕಲ್ಲಿದ್ದಲಿನಿಂದ ಮಾಡುವ ಉರುವಲು. ಇಂಗ್ಲೆಂಡಿನ ಜಾನ್ ಬೋಫೋರ್ಟ್ ಎಂಬ ಕಂಪನಿಯ ಮೆಮೊರಾಂಡಮ್ಮಿನಲ್ಲಿ, ಅಂದರೆ ಸ್ಥಾಪನೆಯ ಮೂಲ ದಾಖಲೆಯಲ್ಲಿ, ಬರೆದಿದ್ದ ಉದ್ದೇಶ, ಹೆಂಗಸರ ಉಡುಪು ತಯಾರಿಸುವುದು. ಕಂಪನಿ ಆ ಕಸುಬು ಬಿಟ್ಟು ವೆನೀರ್ ಹಲಗೆ ಮಾಡತೊಡಗಿತು. ಕೋಕ್ ಬೇಕೆಂದು ಅದು ಬರೆದ ಕಾಗದದ ತಲೆಬರಹದಲ್ಲಿ ವೆನೀರ್ ಹಲಗೆಯ ತಯಾರಕರು ಎಂದೇ ಅಚ್ಚಾಗಿತ್ತು. ಕಂಪನಿ ಮುಳುಗಿ ಅದು ಯಾರ್ಯಾರಿಗೆ ಬಾಕಿ ಕೊಡಬೇಕೆಂಬ ಲೆಕ್ಕ ತೆಗೆಯುವಾಗ, 1953ರಲ್ಲಿ, ಕೋರ್ಟು ಈ ವ್ಯಾಪಾರಿಗೆ ಏನೂ ಸಲ್ಲದು ಎಂದಿತು. ಮೆಮೊರಾಂಡಮ್ ಕಂಪನಿಗಳನ್ನು ನೋಂದಾಯಿಸುವ ರಿಜಿಸ್ಟ್ರಾರರ ಕಚೇರಿಯಲ್ಲಿದೆ, ಹಾಗಾಗಿ ಅದರಲ್ಲಿರುವುದು ನಿನಗೆ ಗೊತ್ತಿದ್ದಂತೆಯೇ ಲೆಕ್ಕ. ಉರುವಲು ಯಾವ ಕೆಲಸಕ್ಕೆ ಎಂಬುದು ಕಾಗದದಿಂದ ಗೊತ್ತಿತ್ತು. ಎರಡನ್ನೂ ಸೇರಿಸಿದರೆ ಕರಾರು ಅಸಿಂಧು. ಸರಕು ಕೊಟ್ಟವನು ಮೋಸ ಮಾಡಿರಲಿಲ್ಲ, ಸರಕು ಕೆಟ್ಟದ್ದೂ ಆಗಿರಲಿಲ್ಲ.

ಇದರ ಬೇರು 1875ರ ಆಶ್‌ಬರಿ ರೈಲ್ವೆ ಕ್ಯಾರೇಜ್ ಪ್ರಕರಣದಲ್ಲಿದೆ. ರೈಲು ಗಾಡಿ ಮಾಡುವ ಕಂಪನಿ ಬೆಲ್ಜಿಯಮ್ಮಿನಲ್ಲಿ ರೈಲು ಹಾದಿ ಹಾಕುವುದಕ್ಕೆ ಹಣ ಒದಗಿಸಲು ಒಪ್ಪಿತ್ತು. ಅದು ಉದ್ದೇಶಕ್ಕೆ ಹೊರತು, ಅಲ್ಟ್ರಾ ವೈರಿಸ್. ಷೇರುದಾರರೆಲ್ಲ ಒಮ್ಮತದಿಂದ ಒಪ್ಪಿದರೂ ಅದಕ್ಕೆ ಜೀವ ಬರುವುದಿಲ್ಲ ಎಂದಿತು ಆಗಿನ ಅತ್ಯುನ್ನತ ನ್ಯಾಯಾಲಯ, ಹೌಸ್ ಆಫ್ ಲಾರ್ಡ್ಸ್. ವಕೀಲರು ಸುಮ್ಮನಿರಲಿಲ್ಲ. ಮೆಮೊರಾಂಡಮ್ಮಿನಲ್ಲಿ ಉದ್ದೇಶ ಹೇಳುವ ಭಾಗವನ್ನು, ಅಂದರೆ ಉದ್ದೇಶ ಖಂಡವನ್ನು, ಪುಟಗಟ್ಟಲೆ ಬೆಳೆಸಿದರು, ಭೂಮಿಯ ಮೇಲಿನ ವ್ಯಾಪಾರವನ್ನೆಲ್ಲ ಅದರೊಳಗೆ ತುಂಬಿದರು. ಷೇರುದಾರನನ್ನು ಕಾಯಲು ಹುಟ್ಟಿದ ನಿಯಮ ಅವನನ್ನೂ ಕಾಯದೆ, ಹೊರಗಿನವನನ್ನು ಮಾತ್ರ ಬೀಳಿಸುವ ಗುಂಡಿಯಾಗಿ ಉಳಿಯಿತು.

ಆರು ರಾಷ್ಟ್ರಗಳ ಯುರೋಪಿಯನ್ ಸಮುದಾಯ 1968ರ ಮಾರ್ಚ್ 9ರಂದು ಮೊದಲ ಕಂಪನಿ ಕಾನೂನು ಡೈರೆಕ್ಟಿವ್ ಹೊರಡಿಸಿತು. ಅದರ ಸಂಖ್ಯೆ 68/151. ಡೈರೆಕ್ಟಿವ್ ಎಂದರೆ ಸದಸ್ಯ ರಾಷ್ಟ್ರಗಳು ತಮ್ಮ ತಮ್ಮ ಕಾನೂನಿನೊಳಗೆ ತಂದುಕೊಳ್ಳಬೇಕಾದ ನಿರ್ದೇಶನ. ವಿಧಿ 9ರ ಸಾರ ಇಷ್ಟು: ಕಂಪನಿಯ 'ಅಂಗ'ಗಳು, ಅಂದರೆ ಅದರ ಪರವಾಗಿ ವ್ಯವಹರಿಸುವ ಮಂಡಳಿ ಅಥವಾ ವ್ಯಕ್ತಿಗಳು, ಮಾಡಿದ ಕೆಲಸ ಉದ್ದೇಶದಾಚೆಗಿದ್ದರೂ ಕಂಪನಿಯನ್ನು ಕಟ್ಟಿಹಾಕುತ್ತದೆ. ಒಂದು ವಿನಾಯಿತಿಯನ್ನು ಇಟ್ಟುಕೊಳ್ಳಲು ಸದಸ್ಯ ರಾಷ್ಟ್ರಗಳಿಗೆ ಅವಕಾಶವಿತ್ತು. ಇದು ಉದ್ದೇಶಕ್ಕೆ ಹೊರತು ಎಂದು ಎದುರಿನವನಿಗೆ ತಿಳಿದಿತ್ತು, ಇಲ್ಲವೇ ಆ ಸಂದರ್ಭದಲ್ಲಿ ತಿಳಿಯದೆ ಇರಲು ಸಾಧ್ಯವೇ ಇರಲಿಲ್ಲ ಎಂದು ಕಂಪನಿಯೇ ರುಜುವಾತು ಮಾಡಿದರೆ ಅದು ಬಿಡುಗಡೆ ಪಡೆಯಬಹುದು. ದಾಖಲೆ ರಿಜಿಸ್ಟ್ರಾರರ ಬಳಿ ಇದೆ ಎಂಬುದೊಂದೇ ರುಜುವಾತಾಗದು. ಕೋಕ್ ವ್ಯಾಪಾರಿಯನ್ನು ಕೆಡವಿದ ತತ್ವಕ್ಕೆ ಇದು ನೇರ ಉತ್ತರ.

ಬ್ರಿಟನ್ 1973ರ ಜನವರಿ 1ರಂದು ಸಮುದಾಯಕ್ಕೆ ಸೇರಿತು. ಇಡೀ ಡೈರೆಕ್ಟಿವನ್ನು ಅದು ಸೇರ್ಪಡೆಯ ಕಾಯ್ದೆಯ, ಅಂದರೆ 1972ರ ಯುರೋಪಿಯನ್ ಕಮ್ಯುನಿಟೀಸ್ ಆಕ್ಟಿನ, ಒಂದೇ ಸೆಕ್ಷನ್ನಿಗೆ ಇಳಿಸಿತು. ಸೆಕ್ಷನ್ 9. ಹಳೆಯ ಕಂಪನಿ ಕಾಯ್ದೆಯನ್ನು ಬಿಚ್ಚಿ ಹೊಲಿಯಲಿಲ್ಲ, ಮೇಲೊಂದು ತೇಪೆ ಹಾಕಿತು. ತೇಪೆ ಎಲ್ಲೆಲ್ಲಿ ಬಿಟ್ಟುಕೊಂಡಿತು ನೋಡಿ.

'ಅಂಗ' ಎಂಬ ಕಲ್ಪನೆ ಜರ್ಮನ್ ಕಾನೂನಿನ ಕಡೆಯದು. ಅಲ್ಲಿ ಯಾರು ಕಂಪನಿಯ ಪರ ಸಹಿ ಮಾಡಬಲ್ಲರು ಎಂಬುದು ಕಾನೂನಿನಲ್ಲೇ ಗೊತ್ತಾಗಿರುತ್ತದೆ. ಬ್ರಿಟನ್ನಿನಲ್ಲಿ ಅಂಥ ಪದವಿಲ್ಲದ ಕಾರಣ ಕರಡು ಬರೆದವರು 'ನಿರ್ದೇಶಕರು ತೀರ್ಮಾನಿಸಿದ ವ್ಯವಹಾರ' ಎಂದು ಬರೆದರು. ಆದರೆ ದಿನನಿತ್ಯದ ಕರಾರು ಯಾವುದು ನಿರ್ದೇಶಕ ಮಂಡಳಿಯ ಸಭೆಗೆ ಹೋಗುತ್ತದೆ? ಮ್ಯಾನೇಜರ್ ಸಹಿ ಹಾಕಿದರೆ? ಒಬ್ಬನೇ ನಿರ್ದೇಶಕ ಎಲ್ಲವನ್ನೂ ನಡೆಸುತ್ತಿದ್ದರೆ? ಮುಂದಿನದು 'ಸದ್ಭಾವನೆ', ಇಂಗ್ಲಿಷಿನ 'ಗುಡ್ ಫೇತ್', ಅಂದರೆ ಪ್ರಾಮಾಣಿಕವಾಗಿ ವ್ಯವಹರಿಸುವುದು. ಡೈರೆಕ್ಟಿವ್ ಕೇಳಿದ್ದು ತಿಳಿವಳಿಕೆಯನ್ನು. ಸೆಕ್ಷನ್ ತಂದಿದ್ದು ಹಳೆಯ ಇಂಗ್ಲಿಷ್ ಕಾನೂನಿನ ಭಾರ ಹೊತ್ತ ಪದವನ್ನು. 1982ರಲ್ಲಿ ವರದಿಯಾದ ಇಂಟರ್‌ನ್ಯಾಷನಲ್ ಸೇಲ್ಸ್ ವಿರುದ್ಧ ಮಾರ್ಕಸ್ ಪ್ರಕರಣದಲ್ಲಿ ನ್ಯಾಯಾಧೀಶ ಲಾಸನ್ ಇದನ್ನು ಬಿಡಿಸಲು ಡೈರೆಕ್ಟಿವಿನ ಮೂಲಕ್ಕೇ ಮರಳಬೇಕಾಯಿತು. ಇನ್ನು, ಸೆಕ್ಷನ್ ರಕ್ಷಿಸಿದ್ದು ಹೊರಗಿನವನನ್ನು ಮಾತ್ರ. ಕಂಪನಿಯೇ ಕರಾರಿನ ಮೇಲೆ ದಾವೆ ಹೂಡಿದರೆ ಸೆಕ್ಷನ್ 9 ಅದರ ನೆರವಿಗೆ ಬರುತ್ತಿರಲಿಲ್ಲ. ಅಲ್ಟ್ರಾ ವೈರಿಸ್ ಸಾಯಲಿಲ್ಲ, ಅರ್ಧಕ್ಕೆ ಮಲಗಿತು.

ಹೆಚ್ಚು ಕಲಿಸುವುದು ಡೈರೆಕ್ಟಿವಿನ ವಿಧಿ 7. ಕಂಪನಿ ಹುಟ್ಟುವ ಮೊದಲೇ ಅದರ ಹೆಸರಿನಲ್ಲಿ ಮಾಡಿದ ಕರಾರಿಗೆ ಯಾರು ಹೊಣೆ? ಹಳೆಯ ಇಂಗ್ಲಿಷ್ ಕಾನೂನು ಇದನ್ನು ಸಹಿಯ ರೀತಿ ನೋಡಿ ನಿರ್ಧರಿಸುತ್ತಿತ್ತು. 'ಕಂಪನಿಯ ಪರವಾಗಿ' ಎಂದು ಸಹಿ ಹಾಕಿದವನು ಸ್ವತಃ ಹೊಣೆ. ಕಂಪನಿಯ ಹೆಸರು ಬರೆದು ಕೆಳಗೆ ಬರೀ ತನ್ನ ಹೆಸರು ಹಾಕಿದರೆ ಅದು ಕಂಪನಿಯದೇ ಸಹಿ, ಕಂಪನಿ ಇರಲೇ ಇಲ್ಲ, ಆದ್ದರಿಂದ ಕರಾರೇ ಇಲ್ಲ. ಸೆಕ್ಷನ್ 9(2) ಈ ಭೇದವನ್ನು ಅಳಿಸಿತು. ಫೋನೋಗ್ರಾಮ್ ವಿರುದ್ಧ ಲೇನ್ ಪ್ರಕರಣದಲ್ಲಿ ಒಂದು ಸಂಗೀತ ತಂಡಕ್ಕಾಗಿ ಇನ್ನೂ ಸ್ಥಾಪನೆಯಾಗದ ಕಂಪನಿಯ ಹೆಸರಿನಲ್ಲಿ 6,000 ಪೌಂಡ್ ಮುಂಗಡ ಪಡೆಯಲಾಗಿತ್ತು. ಕಂಪನಿ ಹುಟ್ಟಲೇ ಇಲ್ಲ. ಡೈರೆಕ್ಟಿವಿನ ಫ್ರೆಂಚ್ ಪಾಠ 'ಸ್ಥಾಪನೆಯ ಹಂತದಲ್ಲಿರುವ' ಕಂಪನಿ ಎನ್ನುತ್ತದೆ, ನಮ್ಮದು ಆ ಹಂತವನ್ನೂ ಮುಟ್ಟಿರಲಿಲ್ಲ ಎಂಬ ವಾದ ಬಂತು. ನ್ಯಾಯಾಧೀಶ ಲಾರ್ಡ್ ಡೆನಿಂಗ್ ಒಪ್ಪಲಿಲ್ಲ. ಸಹಿ ಹಾಕಿದವರೇ ಹಣ ಮರಳಿಸಬೇಕಾಯಿತು.

ಆದರೂ ಒಂದು ಎಳೆ ತಪ್ಪಿಹೋಗಿತ್ತು. ಹುಟ್ಟಿದ ಮೇಲೆ ಕಂಪನಿ ಆ ಹೊಣೆಯನ್ನು ವಹಿಸಿಕೊಳ್ಳದಿದ್ದರೆ ಅದರ ಹೆಸರಿನಲ್ಲಿ ವ್ಯವಹರಿಸಿದವರು ಹೊಣೆ ಎನ್ನುತ್ತದೆ ವಿಧಿ 7. ಎಂದರೆ ವಹಿಸಿಕೊಳ್ಳುವ ದಾರಿಯೊಂದು ಇರುತ್ತದೆ ಎಂದು ಅದು ಎಣಿಸಿದೆ. ಇಂಗ್ಲಿಷ್ ಕಾನೂನಿನಲ್ಲಿ ಕಂಪನಿ ಹಳೆಯ ಕರಾರನ್ನು ಸ್ಥಿರೀಕರಿಸುವಂತಿಲ್ಲ, ಅಂದರೆ ಆಮೇಲೆ ಒಪ್ಪಿ ತನ್ನದಾಗಿಸಿಕೊಳ್ಳುವಂತಿಲ್ಲ, ಹೊಸದಾಗಿ ಕರಾರು ಮಾಡಿಕೊಳ್ಳಬೇಕು. ಯುರೋಪಿನ ಯಾವ ಒತ್ತಡವೂ ಇಲ್ಲದ ಭಾರತದಲ್ಲಿ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 15 ಮತ್ತು 19, ಸ್ಥಾಪನೆಯ ಷರತ್ತುಗಳಿಗೆ ಹೊಂದುವ ಇಂಥ ಕರಾರನ್ನು ಕಂಪನಿ ಒಪ್ಪಿ, ಒಪ್ಪಿದ್ದನ್ನು ಎದುರು ಪಕ್ಷಕ್ಕೆ ತಿಳಿಸಿದರೆ ಸಾಕು ಎನ್ನುತ್ತವೆ. ನಮ್ಮ ವಿದ್ಯಾರ್ಥಿಗಳು ಇವೆರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ನಿಜವಾದ ದುರಸ್ತಿ ಬಂದದ್ದು 1989ರ ಕಂಪನಿ ಕಾಯ್ದೆಯಲ್ಲಿ, ಅದು ಜಾರಿಯಾದದ್ದು 1991ರ ಫೆಬ್ರವರಿ 4ರಂದು. ಈ ಸಲ ಎರಡು ಪ್ರಶ್ನೆಗಳನ್ನು ಬೇರೆ ಮಾಡಿದರು. ಕಂಪನಿಗೆ ಸಾಮರ್ಥ್ಯವಿದೆಯೇ ಎಂಬುದು ಒಂದು. ಮೆಮೊರಾಂಡಮ್ ತೋರಿಸಿ ಅದನ್ನು ಪ್ರಶ್ನಿಸುವ ಹಾಗೇ ಇಲ್ಲ, ಕಂಪನಿಯೂ ಸೇರಿ ಯಾರೂ. ನಿರ್ದೇಶಕರಿಗೆ ಅಧಿಕಾರವಿದೆಯೇ ಎಂಬುದು ಇನ್ನೊಂದು. ಸದ್ಭಾವನೆಯಿಂದ ವ್ಯವಹರಿಸುವವನ ಮಟ್ಟಿಗೆ ಮಂಡಳಿಯ ಅಧಿಕಾರಕ್ಕೆ ಮಿತಿಯಿಲ್ಲ, ಮಿತಿ ಮೀರಿದ್ದು ಗೊತ್ತಿತ್ತು ಎಂದ ಮಾತ್ರಕ್ಕೆ ದುರ್ಭಾವನೆಯಾಗದು. ಒಳಗೆ ಮಾತ್ರ ಉದ್ದೇಶ ಖಂಡಕ್ಕೆ ಬೆಲೆ ಉಳಿಯಿತು: ಮೀರಿದ ನಿರ್ದೇಶಕರು ಕಂಪನಿಗೆ ಉತ್ತರ ಕೊಡಬೇಕು. ವ್ಯವಹಾರವನ್ನು ಸ್ಥಿರೀಕರಿಸಲು ಷೇರುದಾರರ ಒಂದು ವಿಶೇಷ ನಿರ್ಣಯ, ನಿರ್ದೇಶಕರನ್ನು ಹೊಣೆಯಿಂದ ಬಿಡಿಸಲು ಇನ್ನೊಂದು. ಎರಡನ್ನೂ ಒಂದರಲ್ಲೇ ಮುಗಿಸುವಂತಿಲ್ಲ. ಈ ವಿಂಗಡಣೆ ನನಗೆ ಇಡೀ ಕಾಯ್ದೆಯಲ್ಲಿ ತುಂಬ ಮೆಚ್ಚಿಗೆಯಾದದ್ದು.

ಇಲ್ಲೂ ಒಂದು ಕೊರತೆ ಉಳಿಯಿತು. ಕಚೇರಿಯಲ್ಲಿರುವ ದಾಖಲೆ ಎಲ್ಲರಿಗೂ ಗೊತ್ತಿದ್ದಂತೆ ಎಂಬ ತತ್ವವನ್ನು ಪೂರ್ತಿ ಕಿತ್ತುಹಾಕುವ 711ಎ ಎಂಬ ಸೆಕ್ಷನ್ನನ್ನು ಸಂಸತ್ತು ಅಂಗೀಕರಿಸಿದರೂ ಅದು ಜಾರಿಗೆ ಬರಲೇ ಇಲ್ಲ. ಕಾನೂನು ಓದುವವರು ಸೆಕ್ಷನ್ ಇದೆಯೇ ಎಂದು ನೋಡಿದರೆ ಸಾಲದು, ಜಾರಿಯ ಆದೇಶವನ್ನೂ ಹುಡುಕಬೇಕು.

ತಡ ಮಾಡಿದರೆ ಏನಾಗುತ್ತದೆ ಎಂಬುದನ್ನು ಸ್ಪೇನ್ ತೋರಿಸಿತು. ಇದೇ ಡೈರೆಕ್ಟಿವಿನ ವಿಧಿ 11, ಕಂಪನಿಯ ಸ್ಥಾಪನೆಯನ್ನು ಯಾವ ಕಾರಣಕ್ಕೆ ರದ್ದು ಮಾಡಬಹುದೆಂದು ಪಟ್ಟಿ ಕೊಡುತ್ತದೆ. ಸ್ಪೇನ್ ಅದನ್ನು ಸಕಾಲಕ್ಕೆ ಒಳತಂದಿರಲಿಲ್ಲ. ಮಾರ್ಲೀಸಿಂಗ್ ಎಂಬ ಕಂಪನಿ, ಸಿವಿಲ್ ಸಂಹಿತೆಯ 'ಕಾರಣದ ಅಭಾವ'ವನ್ನು, ಅಂದರೆ ಕಾನೂನು ಒಪ್ಪುವ ಕಾರಣವಿಲ್ಲದ ಕರಾರು ನಿಲ್ಲದು ಎಂಬ ನಿಯಮವನ್ನು, ಹಿಡಿದು ಇನ್ನೊಂದು ಕಂಪನಿಯನ್ನು ರದ್ದು ಮಾಡಿಸಲು ಹೊರಟಿತು. ಆ ಪಟ್ಟಿಯ ಹೊರಗೆ ಬೇರೆ ಕಾರಣವಿಲ್ಲ, ರಾಷ್ಟ್ರೀಯ ಕಾನೂನನ್ನು ಸಾಧ್ಯವಾದಷ್ಟೂ ಡೈರೆಕ್ಟಿವಿನ ಬೆಳಕಿನಲ್ಲೇ ಓದಬೇಕು ಎಂದು ಯುರೋಪಿಯನ್ ನ್ಯಾಯಾಲಯ 1990ರ ನವೆಂಬರ್ 13ರಂದು ಹೇಳಿತು.

ಹಾಗಾದರೆ ಕರಡು ಬರೆಯುವ ಮೇಜಿನ ಮೇಲೆ ಏನಿರಬೇಕು? ಒಂದು ಕೋಷ್ಟಕ. ಎಡಗಡೆ ಡೈರೆಕ್ಟಿವಿನ ಪ್ರತಿ ವಾಕ್ಯ, ಪಕ್ಕದಲ್ಲಿ ಅದೇ ವಿಷಯ ಹೇಳುವ ಹಳೆಯ ಸೆಕ್ಷನ್ ಮತ್ತು ತೀರ್ಪು, ಅದರ ಪಕ್ಕ ಆ ಹಳೆಯದನ್ನು ಇಡುವುದೋ ತೆಗೆಯುವುದೋ ಎಂಬ ಸ್ಪಷ್ಟ ಉತ್ತರ. ತೆಗೆಯುವ ಸಾಲು ಖಾಲಿ ಬಿಟ್ಟರೆ ಹಳೆಯ ತೀರ್ಪು ಹೊಸ ಸೆಕ್ಷನ್ನಿನೊಳಗೆ ನುಸುಳುತ್ತದೆ. ಪರಿಚಿತ ಪದ ಬಳಸುವಾಗ ಅದರ ಬೆನ್ನಿಗಿರುವ ತೀರ್ಪುಗಳನ್ನು ಓದಿ. ಒಂದಕ್ಕಿಂತ ಹೆಚ್ಚು ಭಾಷೆಯ ಪಾಠ ತೆಗೆದು ನೋಡಿ. ಸದಸ್ಯ ರಾಷ್ಟ್ರದ ಆಯ್ಕೆಗೆ ಬಿಟ್ಟ ಅಂಶಗಳಿಗೆ ಬೇರೆ ಬಣ್ಣದ ಗುರುತು ಹಾಕಿ, ಆಯ್ದುಕೊಂಡದ್ದರ ಕಾರಣ ಬರೆಯಿರಿ.

2006ರ ಕಂಪನಿ ಕಾಯ್ದೆ ಬ್ರಿಟನ್ನಿನಲ್ಲಿ ಉದ್ದೇಶ ಖಂಡವನ್ನೇ ಐಚ್ಛಿಕ ಮಾಡಿತು. ಕಂಪನಿಯ ಆಂತರಿಕ ನಿಯಮಾವಳಿಯಾದ ಆರ್ಟಿಕಲ್ಸ್ ಮಿತಿ ಹಾಕದಿದ್ದರೆ ಉದ್ದೇಶಕ್ಕೆ ಮಿತಿಯಿಲ್ಲ. ಹಳೆಯ ಸೆಕ್ಷನ್ 9ರ ಸತ್ವ ಈಗ ಅದರ 39, 40 ಮತ್ತು 51ನೇ ಸೆಕ್ಷನ್‌ಗಳಲ್ಲಿದೆ. 2020ರ ಜನವರಿ 31ರಂದು ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಿತು, ಈ ಸೆಕ್ಷನ್‌ಗಳನ್ನು ಬಿಡಲಿಲ್ಲ. ಭಾರತದ 2013ರ ಕಂಪನಿ ಕಾಯ್ದೆಯ ಸೆಕ್ಷನ್ 4 ಮಾತ್ರ ಮೆಮೊರಾಂಡಮ್ಮಿನಲ್ಲಿ ಉದ್ದೇಶ ಬರೆಯಲೇಬೇಕು ಎನ್ನುತ್ತದೆ, ಆಶ್‌ಬರಿ ಇಲ್ಲಿ ಇಂದಿಗೂ ಪಠ್ಯದಲ್ಲಿದೆ.