ಜೆಸ್ಟಿಕ್, ಜೆಸ್ಟಿಕ್!

ಕೇಳುಗರಿಗೆ ನಮಸ್ಕಾರ. ಮಗನೋ ಮಗಳೋ ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುತ್ತಿದ್ದರೆ ಪಕ್ಕದಲ್ಲಿ ಕೂತು ಹುರುಳಿಕಾಯಿ ಸೋಸುತ್ತಿರುವ ಅಪ್ಪ ಅಮ್ಮಂದಿರೇ, ನಿಮಗೆ ಇವತ್ತು ಒಂದೇ ಮಾತು. ಉದ್ದನೆಯ ಇಂಗ್ಲಿಷ್ ಪದ ಎದುರಾದರೆ, ಎಲ್ಲಿ ಒತ್ತಿ ಹೇಳಬೇಕು ಅಂತ ತಿಳಿಯೋಕೆ ಅದರ ಬಾಲ ಹಿಡಿಯಿರಿ.

ಇದನ್ನು ನನಗೆ ಕಲಿಸಿದ್ದು ಬೆಂಗಳೂರಿನ ಸಿಟಿ ಬಸ್ಸಿನ, ಅಂದರೆ ಬಿಟಿಎಸ್‌ನ, ಒಬ್ಬ ಕಂಡಕ್ಟರು. 1997ರಲ್ಲಿ ಬಿಎಂಟಿಸಿ ಆಯಿತಲ್ಲ, ಅದಕ್ಕೂ ಹಿಂದಿನ ಮಾತು. ಜಯನಗರದ ಸ್ಟಾಪಿನಲ್ಲಿ ಫುಟ್‌ಬೋರ್ಡ್ ಮೇಲೆ ನಿಂತು, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು ಸಿಕ್ಕಿಸಿಕೊಂಡು, "ಜೆಸ್ಟಿಕ್, ಜೆಸ್ಟಿಕ್, ಜೆಸ್ಟಿಕ್!" ಅಂತ ಕೂಗೋರು. ನಾನು ಆಗಷ್ಟೇ ಇಂಗ್ಲಿಷ್ ಎಂಎ ಮುಗಿಸಿ ಪಾಠಕ್ಕೆ ಸೇರಿದವಳು, ಸುಮ್ಮನಿರಬೇಕಲ್ಲ. "ರೀ, ಅದು ಮೆಜೆಸ್ಟಿಕ್ ಅಲ್ವೇನ್ರೀ?" ಅಂದೆ. ಅವರು ಟಿಕೆಟ್ ಹರಿದು ಕೈಗಿಟ್ಟು, "ಪೂರ್ತಿ ಕೂಗೋ ಹೊತ್ತಿಗೆ ಬಸ್ಸೇ ಹೊರಟಿರುತ್ತೆ ಮೇಡಂ" ಅಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಮನೆಗೆ ಬಂದು ಸಿಟ್ಟಿನಲ್ಲಿ ನಿಘಂಟು ಬಿಚ್ಚಿದರೆ, ಒತ್ತಿನ ಗೀಟು, ಅಂದರೆ ಈ ತುಂಡನ್ನು ಜೋರಾಗಿ ಹೇಳಿ ಅನ್ನೋ ಗುರುತು, ಇದ್ದದ್ದು 'ಜೆಸ್' ಮುಂದೆಯೇ! ಮೊದಲ ತುಂಡನ್ನು ಇಂಗ್ಲಿಷರೂ ಅರ್ಧ ನುಂಗುತ್ತಾರೆ. 'ಮ್ಯಾಜೆಸ್ಟಿ' ಅನ್ನುವಾಗ ಒತ್ತು ಮೊದಲ ತುಂಡಿಗೆ. 'ಇಕ್' ಅನ್ನೋ ಬಾಲ ಅಂಟಿತೋ, ಒತ್ತು ಎದ್ದುಬಂದು ಬಾಲದ ಎಡಗಡೆ ಕೂರುತ್ತದೆ.

ಒತ್ತು ಅಂದರೆ ಒತ್ತಕ್ಷರ ಅಂದ್ಕೋಬೇಡಿ, ದಯವಿಟ್ಟು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಮ್ಮದು ಕಾಲದ ಲೆಕ್ಕ. ಇಂಗ್ಲಿಷಿನದು ಪಂಕ್ತಿಭೇದ. ಒಂದು ತುಂಡಿಗೆ ಹೋಳಿಗೆ, ಮಿಕ್ಕವಕ್ಕೆ ಬರೀ ಉಪ್ಪು. ಹೋಳಿಗೆ ಯಾರಿಗೆ ಅಂತ ಹೇಳೋದು ಬಾಲ. ಕಾರ್ಪೊರೇಷನ್: ಬಾಲ 'ಷನ್', ಹೋಳಿಗೆ 'ರೇ'ಗೆ. ಯೂನಿವರ್ಸಿಟಿ: ಬಾಲ 'ಇಟಿ', ಹೋಳಿಗೆ 'ವರ್'ಗೆ. ಎಲೆಕ್ಟ್ರಾನಿಕ್‌ನಲ್ಲಿ 'ಟ್ರಾ', ಕರೆಂಟ್ ಬಿಲ್ಲಿನ ಎಲೆಕ್ಟ್ರಿಸಿಟಿಯಲ್ಲಿ 'ಟ್ರಿ'. ಎಲ್ಲಾ ಬಾಲದ ಎಡಗಡೆ!

ಪದದ ತಲೆಗೆ ಅಂಟುವ 'ಅನ್', 'ಇಂಟರ್' ಬಗ್ಗೆಯೂ ಬರೆದುಕೊಂಡು ಬಂದಿದ್ದೆ. ಸ್ಟುಡಿಯೋ ಗಾಜಿನಾಚೆ ಆಗಲೇ ಹೊತ್ತಾಯಿತು ಅಂತ ಕೈ ತೋರಿಸುತ್ತಿದ್ದಾರೆ. ಬಾಲದ ಬಗ್ಗೆಯೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. 'ಮೆಂಟ್' ಒಂದು ಸಾಧು ಬಾಲ, ಒತ್ತನ್ನು ಕದಲಿಸುವುದಿಲ್ಲ. ಡೆವೆಲಪ್‌ಗೆ 'ವೆ' ಮೇಲೆ, ಡೆವೆಲಪ್‌ಮೆಂಟಿಗೂ ಅಲ್ಲೇ. ನಮ್ಮ ಸಭೆಗಳಲ್ಲಿ ಮಾತ್ರ 'ಡೆ'ಗೆ ಗುದ್ದು ಬೀಳುತ್ತಿರುತ್ತದೆ. ಹೋಗಲಿ.

ಈಗ ಮಗುವಿನ ಬಾಯಲ್ಲಿ 'ಎಕ್ಸಾಮಿನೇಷನ್' ಅನ್ನಿಸಿ. 'ನೇ' ಮೇಲೆ ಒತ್ತು ಬಿತ್ತಾ? ಇಲ್ಲವಾ? ಹುರುಳಿಕಾಯಿ ಬದಿಗಿಟ್ಟು ಇನ್ನೊಂದು ಸಲ ಅನ್ನಿಸಿ. ನಮಸ್ಕಾರ.